ಅಕ್ಕಿ ಹೆಚ್ಚಾಗಿದೆ

ಬಚ್ಚಲಿನ ಹಳೆಯ ನೆಲವನ್ನು ಮೇಸ್ತ್ರಿ ಒಂದು ಮೂಲೆಯಲ್ಲಿ ಒಡೆದು ನೋಡಿದ. ಒದ್ದೆ ಗಾರೆಯ ವಾಸನೆ ಗೋಪಾಳ ಬಡಾವಣೆಯ ನಮ್ಮ ಮನೆಯೆಲ್ಲ ತುಂಬಿಕೊಂಡಿತು. "ಪೈಪ್ ಪೂರ್ತಿ ಹೋಗಿದೆ ಅಮ್ಮಾ, ನೆಲ ಎಲ್ಲಾ ತೆಗೀಬೇಕು. ಮೂರು ತಿಂಗಳು ಮನೆ ಖಾಲಿ ಮಾಡ್ಕೊಡಿ," ಎಂದ. ನಮ್ಮ ಯಜಮಾನರು ಅಂದೇ ಹಿಂದಿನ ಕ್ರಾಸ್‌ನಲ್ಲಿ ಬಾಡಿಗೆ ಮನೆ ನೋಡಿ ಬಂದರು. ಒಂದೊಂದೇ ಕೋಣೆ ಮಾಡಿಸೋಣ, ಇಲ್ಲೇ ಇರೋಣ ಎಂದು ನಾನು ಹದಿನೈದು ದಿನ ಹಟ ಹಿಡಿದೆ. ಅಮ್ಮ ತನ್ನ ಕೊನೆಯ ವರ್ಷಗಳನ್ನು ಕಳೆದ ಮನೆ ಇದು. ಅವಳ ಅಕ್ಕಿ ಡಬ್ಬಿ ಅವಳು ಇಟ್ಟ ಜಾಗದಲ್ಲೇ ಇತ್ತು. ಅದನ್ನು ಎತ್ತಲು ನನಗೆ ಮನಸ್ಸಿರಲಿಲ್ಲ. ನಿಜ ಹೇಳಬೇಕೆಂದರೆ ಶಕ್ತಿಯೂ ಇರಲಿಲ್ಲ.

ಇದೇ ಗಾರೆ ವಾಸನೆಯಲ್ಲಿ, ನಾನು ಚಿಕ್ಕವಳಿದ್ದಾಗ, ನಾವು ಒಮ್ಮೆ ಎರಡು ತಿಂಗಳು ಬದುಕಿದ್ದೆವು. ಅಪ್ಪ ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯ ನೌಕರ, ಮನೆ ಕಾಗದನಗರದ ಕ್ವಾರ್ಟರ್ಸ್. ಅಲ್ಲಿನ ಗಾಳಿಗೆ ಸದಾ ಬೆಂದ ಎಲೆಕೋಸಿನ ವಾಸನೆ. ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದೇ ಮನೆ ಬಂತೆಂಬ ಗುರುತು. ನಮ್ಮ ಸಾಲಿನ ಚಾವಣಿಗಳ ರಿಪೇರಿ ಶುರುವಾದಾಗ ಪಕ್ಕದ ಮನೆಯ ಸೆಲ್ವಿ ಅಕ್ಕ ಎದುರು ಸಾಲಿಗೆ ಸಾಮಾನು ಸಾಗಿಸಿದರು. ಅಪ್ಪನೂ ಹೋಗೋಣವೆಂದರು. ಅಮ್ಮ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಒಲೆ ಹಚ್ಚೋ ಮನೇನ ಹಂಗೇ ಬಿಟ್ಟು ಹೋಗ್ತಾರೇನ್ರೀ? ನಾನಂತೂ ಬರಲ್ಲ," ಎಂದು ವರಾಂಡದಲ್ಲಿ ಒಲೆ ಹೂಡಿದಳು. ಸಾರಿನಲ್ಲಿ ಧೂಳು, ಹಾಸಿಗೆಯಲ್ಲಿ ಧೂಳು. ಅಪ್ಪನಿಗೆ ಕೆಮ್ಮು ಹಿಡಿಯಿತು.

ಅಮ್ಮನ ಬಾಯಲ್ಲಿ 'ಖಾಲಿ' ಎಂಬ ಮಾತೇ ಬರುತ್ತಿರಲಿಲ್ಲ. ಅಕ್ಕಿ ಮುಗಿದರೆ "ಅಕ್ಕಿ ಹೆಚ್ಚಾಗಿದೆ" ಎನ್ನುವಳು. ಅರಿಶಿನ ಮುಗಿದರೂ ಅಷ್ಟೇ, ಬಳೆ ಒಡೆದರೂ ಅಷ್ಟೇ. ಇಲ್ಲ ಎಂದರೆ ಇಲ್ಲವೇ ಆಗಿಬಿಡುತ್ತದೆಂಬ ಭಯ. ನಿಮ್ಮ ಮನೆಯಲ್ಲೂ ಹೀಗೆನ್ನುವ ಹಿರಿಯರು ಇದ್ದಿರಬಹುದು. ಆ ರಿಪೇರಿಯ ದಿನಗಳಲ್ಲಿ ಸೆಲ್ವಿ ಅಕ್ಕ ಲೋಟ ಹಿಡಿದು ಬಂದು ಒಂದಿಷ್ಟು ಅಕ್ಕಿ ಕೇಳಿದರು. ಅವರ ಅಕ್ಕಿಮೂಟೆ ಸಾಮಾನಿನ ಅಡಿಯಲ್ಲೆಲ್ಲೋ ಸಿಕ್ಕಿಕೊಂಡಿತ್ತಂತೆ. "ಅಯ್ಯೋ, ಅಕ್ಕಿ ಹೆಚ್ಚಾಗಿದೆ ಕಣ್ರೀ," ಎಂದಳು ಅಮ್ಮ ಸಂಕೋಚದಿಂದ. ತಮಿಳು ಮನೆಮಾತಿನ ಸೆಲ್ವಿ ಅಕ್ಕನ ಮುಖ ಅರಳಿತು. "ಹಂಗಾದ್ರೆ ದೊಡ್ಡ ಪಾತ್ರೆ ತರ್ತೀನಿ ಇರಿ," ಎಂದು ಓಡಿದರು. ಅಮ್ಮ ತಿದ್ದಲಿಲ್ಲ. ತಿದ್ದಬೇಕಾದರೆ ಆ ಮಾತು ಆಡಬೇಕಿತ್ತಲ್ಲ! ಹಿತ್ತಲ ಬಾಗಿಲಿನಿಂದ ನನ್ನನ್ನು ಇನ್ನೊಂದು ಮನೆಗೆ ಓಡಿಸಿ, ಅಕ್ಕಿ ತರಿಸಿ, ಸೆಲ್ವಿ ಅಕ್ಕನ ಪಾತ್ರೆ ತುಂಬಿ ಕಳಿಸಿದಳು. ನಾವು ಅಂದು ಉಪ್ಪಿಟ್ಟು ತಿಂದೆವು. ಅಪ್ಪ ನಕ್ಕು ನಕ್ಕು ಕೆಮ್ಮಿದರು.

ಅಪ್ಪ ರಿಟೈರ್ ಆಗಿ ಕ್ವಾರ್ಟರ್ಸ್ ಬಿಟ್ಟ ದಿನ ಲಾರಿ ಹೊರಟ ಮೇಲೂ ಅಮ್ಮ ಬರಿಯ ಕೋಣೆಗಳನ್ನು ಗುಡಿಸುತ್ತಿದ್ದಳು. ಆಮೇಲೆ ಹೊಸ್ತಿಲ ಬಳಿ ನಿಂತು, "ಮನೆ ಹೆಚ್ಚಾಯ್ತು ಕಣೆ," ಎಂದಳು. ಆಗ ನನಗೆ ನಗು ಬಂದಿತ್ತು. ಮುಂದೆ ಕಾರ್ಖಾನೆಯೂ ನಿಂತಿತು, ಅಪ್ಪನೂ ಹೋದರು, ಅಮ್ಮ ಡಬ್ಬಿ ಹಿಡಿದು ನನ್ನ ಮನೆಗೆ ಬಂದಳು. ಈಗ ಆ ಕಡೆ ಹೋದರೆ ಎಲೆಕೋಸಿನ ವಾಸನೆಯೂ ಇಲ್ಲ. ಯಾವ ಊರಿನದೋ ಎಂಬಂಥ ಗಾಳಿ.

ಕೊನೆಗೆ ಹಟ ಬಿಟ್ಟೆ. ಮಲಗುವ ಕೋಣೆಗೂ ನೀರು ಬಂದಿತ್ತು, ಅಮ್ಮನಷ್ಟು ಗಟ್ಟಿ ನಾನಲ್ಲ. ನಿನ್ನೆ ಸಾಮಾನೆಲ್ಲ ಹೋದ ಮೇಲೆ ಡಬ್ಬಿ ಎತ್ತಿಕೊಂಡು ಹೊರಗೆ ಬಂದೆ. ನೆಲದ ಮೇಲೆ ಅದರ ದುಂಡನೆಯ ಗುರುತು ಉಳಿದಿತ್ತು. "ಒಳಗೆಲ್ಲಾ ಖಾಲಿ ಆಯ್ತಾ ಅಮ್ಮಾ?" ಎಂದು ಮೇಸ್ತ್ರಿ ಕೇಳಿದ.

"ಹೆಚ್ಚಾಯ್ತಪ್ಪಾ," ಎಂದೆ.

"ಹೆಚ್ಚಾಯ್ತಾ? ಅದಕ್ಕೇನು, ಇನ್ನೊಂದ್ ಟ್ರಿಪ್ ಹೊಡಿಸೋಣ ಬಿಡಿ," ಎಂದು ಅವನು ಗಾಡಿಯವನಿಗೆ ಫೋನು ಹಚ್ಚಿದ. ಅಪ್ಪ ಇದ್ದಿದ್ದರೆ ನಕ್ಕು ನಕ್ಕು ಕೆಮ್ಮುತ್ತಿದ್ದರು. ನಾನೂ ತಿದ್ದಲಿಲ್ಲ. ಡಬ್ಬಿಯನ್ನು ಎದೆಗವಚಿಕೊಂಡು, ಗಾಡಿ ಬರಲೆಂದು ಗೇಟಿನ ಬಳಿ ನಿಂತೆ.