ಎರಡನೇ ಸೂಜಿ

ಅತ್ತಿಗೆಯ ಬಲಗೈ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಹೊಲಿಗೆ ಯಂತ್ರದ ಸೂಜಿ ಹಿಂದೊಮ್ಮೆ ಆ ಬೆರಳಿನೊಳಗೆ ಇಳಿದು ಮುರಿದಿತ್ತಂತೆ. ಅದೇ ಬೆರಳಿನಿಂದ ಹಾಲಲ್ಲಿ ನೆನೆಸಿದ ರೊಟ್ಟಿ ಕಿವುಚಿ ಅವ್ವನ ಬಾಯಿಗಿಡುತ್ತಿದ್ದರು. ಅವ್ವ ಬಾಯಿ ಬಿಗಿದರೆ ಬೈಯುತ್ತಿರಲಿಲ್ಲ. "ಇದೊಂದು ತುತ್ತು ನನ್ನ ಸಲುವಾಗಿ, ಅತ್ತಿ" ಅನ್ನುತ್ತಿದ್ದರು. ಆ ಒಂದು ತುತ್ತು ಬಟ್ಟಲು ಖಾಲಿಯಾಗುವ ತನಕ ಮುಗಿಯುತ್ತಿರಲಿಲ್ಲ.

ಅಣ್ಣ ಅತ್ತಿಗೆಯನ್ನು ಬಿಟ್ಟು ಕಲಬುರಗಿಯಲ್ಲಿ ಬೇರೆ ಸಂಸಾರ ಹೂಡಿ ಆಗಲೇ ಆರು ವರ್ಷವಾಗಿತ್ತು. ಅತ್ತಿಗೆ ತವರಾದ ಚಿಂಚೋಳಿಗೆ ಹೋಗದೆ ವಾಡಿಯಲ್ಲೇ, ನಮ್ಮ ಮನೆಯಿಂದ ಎರಡು ಓಣಿ ಆಚೆ, ಒಂದು ಖೋಲಿ ಹಿಡಿದು ಜಂಪರ್ ಹೊಲಿಯುತ್ತಿದ್ದರು. ಅವ್ವನಿಗೆ ಮರೆವು ಹೆಚ್ಚಾದಾಗ ನಾನು ಕರೆಯದೆಯೇ ಬಂದರು. ಶಹಾಬಾದಿನ ಶಾಲೆಯೊಂದರ ಕಚೇರಿಯಲ್ಲಿ ನನಗೆ ಕೆಲಸ. ಹಗಲು ಅವರದು, ಸಂಜೆಯಿಂದ ನನ್ನದು ಎಂದು ಹಂಚಿಕೊಂಡೆವು. ಸಕ್ಕರೆ ಕಾಯಿಲೆಯ ಸೂಜಿ ಯಾರು ಚುಚ್ಚಿದರೂ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಬೇಕು ಎಂಬ ನಿಯಮ ಅವರದೇ.

ಒಂದು ದಿನ ಅತ್ತಿಗೆ ಬರುವುದು ತಡವೆಂದು ಬೆಳಗಿನ ಸೂಜಿ ನಾನೇ ಚುಚ್ಚಿದೆ. ರೈಲಿನ ಅವಸರದಲ್ಲಿ ಗೀಟು ಹಾಕಲಿಲ್ಲ. ಅತ್ತಿಗೆ ಬಂದು ಗೋಡೆ ನೋಡಿದರು. ಅವ್ವನನ್ನು ಕೇಳಿದರು, ಅವ್ವ ಇಲ್ಲವೆಂದಳು. ನನಗೆ ಮಾಡಿದ ಫೋನು ಹತ್ತಲಿಲ್ಲ. ಅವರೂ ಚುಚ್ಚಿದರು.

ಹನ್ನೊಂದರ ಹೊತ್ತಿಗೆ ಅವ್ವ ಬೆವರಿ, ನಾಲಿಗೆ ತೊದಲಿ, ನೆಲದ ಫರಸಿಯ ಮೇಲೆ ಕುಸಿದಳು. ಅತ್ತಿಗೆ ಅವಳ ದವಡೆಯೊಳಗೆ ಸಕ್ಕರೆ ತಿಕ್ಕಿ, ಆಟೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಸುದ್ದಿ ತಿಳಿದು ನಾನು ಆಸ್ಪತ್ರೆ ತಲುಪುವಾಗ ಅವ್ವನ ಕೈಗೆ ಗ್ಲೂಕೋಸ್ ಏರುತ್ತಿತ್ತು, ಕಣ್ಣು ತೆರೆದಿರಲಿಲ್ಲ. ಬೆಳಗ್ಗೆ ಸೂಜಿ ಚುಚ್ಚಿದ್ದೆ ಎಂದು ಹೇಳಿದೆ. ಅತ್ತಿಗೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಡಾಕ್ಟರಿಗೆ ತಿಳಿಸಲು ಓಡಿದರು.

ಮಧ್ಯಾಹ್ನ ಅಣ್ಣ ಬಂದ. ನನ್ನಿಂದ ಆಗದಿದ್ದರೆ ಅವ್ವನನ್ನು ವೃದ್ಧಾಶ್ರಮಕ್ಕೆ ಸೇರಿಸುವುದಾಗಿ ಅವನು ಮೊದಲಿಂದಲೂ ಹೇಳುತ್ತಿದ್ದ. ಡಾಕ್ಟರಿಂದ ವಿಷಯ ತಿಳಿದು, ಎರಡು ಸಲ ಚುಚ್ಚಿದ್ದು ಯಾರೆಂದು ನನ್ನನ್ನೇ ಕೇಳಿದ. ನಾನು ಅವ್ವನ ಹೊದಿಕೆ ಸರಿಮಾಡತೊಡಗಿದೆ.

"ಎರಡೂ ನಾನೇ ಮಾಡೀನ್ರಿ. ಮೊದಲಿಂದು ಮರತಿದ್ದೆ," ಅಂದರು ಅತ್ತಿಗೆ.

ಸೇಡು ತೀರಿಸಿಕೊಳ್ಳಲು ಬಂದವಳೆಂದು ಅಣ್ಣ ವಾರ್ಡಿನ ಮಂದಿಯೆದುರೇ ಅವರನ್ನು ಬೈದ. ಇನ್ನು ನಮ್ಮ ಹೊಸ್ತಿಲು ತುಳಿಯಬಾರದೆಂದ. ಅತ್ತಿಗೆ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಗ್ಲೂಕೋಸ್ ಬಾಟಲಿ ನೋಡುತ್ತ ನಿಂತಿದ್ದೆ.

ಅವ್ವ ಉಳಿದಳು. ಆದರೆ ಮನೆಗೆ ಬಂದ ಮೇಲೆ ನನ್ನ ಕೈತುತ್ತನ್ನು ಉಗುಳತೊಡಗಿದಳು. ನಾಲ್ಕನೇ ದಿನ ಅತ್ತಿಗೆಯ ಖೋಲಿಗೆ ಹೋಗಿ, ಅಣ್ಣನಿಗೆ ನಿಜ ಹೇಳಿಬಿಡುತ್ತೇನೆಂದು ಕಣ್ಣೀರಿಟ್ಟೆ.

"ಹೇಳಬ್ಯಾಡ. ನಿನ್ನ ಕೈಲಿ ಹಿಂಗಾಗ್ಯದಂದ್ರ ಅತ್ತಿನ್ನ ಆಶ್ರಮಕ್ಕ ಒಯ್ದೇ ಬಿಡ್ತಾರ. ನನ್ನ ಬೈದ್ರ ಬೈಲಿ, ನನಗೇನು ಹೊಸಾದಲ್ಲ," ಎಂದು ಚಪ್ಪಲಿ ಮೆಟ್ಟಿ ನನ್ನ ಜೊತೆ ಹೊರಟರು.

ಮುಂದಿನ ಎರಡು ವರ್ಷ, ಅಣ್ಣ ಬರುವ ರವಿವಾರ ಬಿಟ್ಟು ಉಳಿದ ದಿನವೆಲ್ಲ ಬಂದರು. ಪ್ರತಿ ರವಿವಾರ ನಾನು ಅಣ್ಣನೆದುರು ಕೂತು ಚಹಾ ಕುಡಿದೆ. ಹೇಳಬೇಡವೆಂದ ಅವರ ಮಾತನ್ನೇ ನೆಪ ಮಾಡಿಕೊಂಡು ಸುಮ್ಮನಿದ್ದೆ. ನಿಜಕ್ಕೂ ಅದು ಹೆದರಿಕೆ.

ಹೋದ ವರ್ಷ ಅವ್ವ ತೀರಿಕೊಂಡಳು. ಮೈ ತೊಳೆಯಲು ಅತ್ತಿಗೆ ಬಿಸಿನೀರಿನ ತಂಬಿಗೆ ಹಿಡಿದು ಬಂದಾಗ ಸೇಡಂನಿಂದ ಬಂದಿದ್ದ ಸೋದರತ್ತೆ ಅಡ್ಡ ನಿಂತಳು. ಸೂಜಿ ಚುಚ್ಚಿ ಕೊಲ್ಲಲು ಹೊರಟವಳ ಕೈ ಹೆಣಕ್ಕೆ ತಾಗಬಾರದೆಂದಳು. ಅಂಗಳದ ತುಂಬ ಮಂದಿ, ಅಣ್ಣನೂ ಇದ್ದ. ಅತ್ತಿಗೆ ತಂಬಿಗೆ ಕೆಳಗಿಟ್ಟರು.

"ಅವತ್ತು ಮೊದಲನೇ ಸೂಜಿ ಮಾಡಿದಾಕಿ ನಾನು," ಅಂದೆ. ದನಿ ನನಗೇ ಕೇಳದಷ್ಟು ಸಣ್ಣಗಿತ್ತು. ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಅಂದೆ. "ಗೀಟು ಹಾಕದೆ ಹೋದಾಕೀನೂ ನಾನೇ. ಇವರು ನನ್ನ ತಪ್ಪು ತಮ್ಮ ಮ್ಯಾಲ ಹಾಕ್ಕೊಂಡಾರ."

ಅಣ್ಣ ಗೋಡೆಯ ಕಡೆ ತಿರುಗಿಕೊಂಡ. ಅತ್ತಿಗೆ ನನ್ನತ್ತ ನೋಡಲೂ ಇಲ್ಲ. ಬಗ್ಗಿ ತಂಬಿಗೆ ಎತ್ತಿಕೊಂಡರು.

"ನೀರು ಆರಾಕತ್ತಾವ," ಅಂದರು. "ನೀ ತಲಿ ಹಿಡಿ, ನಾ ಹಾಕ್ತೀನಿ."