ಕರೆಂಟಣ್ಣನ ತೊಂಬತ್ತನಾಲ್ಕನೆಯ ಸಿತಾರ್

ಬೆಳಗಿನ ಐದೂವರೆ. ಬೀದಿಯಲ್ಲಿ ಯಾರೂ ಎದ್ದಿಲ್ಲ. ಮೂಲೆಯ ಮನೆಯ ಮುಂಗೋಣೆಯಲ್ಲಿ ಮಾತ್ರ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತ ಅರವತ್ತೇಳರ ಮನುಷ್ಯ ತೊಡೆಯ ಮೇಲೆ ಸಿತಾರ್ ಮಲಗಿಸಿಕೊಂಡು ಒಂದೊಂದೇ ತಂತಿ ಸಡಿಲಿಸುತ್ತಾರೆ. ತಂತಿಗಳ ಅಡಿಯಿಂದ ಎರಡು ಬೆರಳಗಲದ ಮೂಳೆಯ ತುಂಡನ್ನು ಹೊರಗೆಳೆದು, ಸಣ್ಣ ಅರದಿಂದ ಅದರ ಬೆನ್ನನ್ನು ಎರಡೇ ಎರಡು ಸಲ ಉಜ್ಜುತ್ತಾರೆ. ಊದಿ, ಹೆಬ್ಬೆರಳಿನಿಂದ ಸವರಿ, ಮತ್ತೆ ತಂತಿಯಡಿ ತೂರಿಸಿ, ಬಿರಡೆ ತಿರುವಿ ಶ್ರುತಿ ಕೂಡಿಸಿ, ಒಂದು ತಂತಿ ಮೀಟುತ್ತಾರೆ. ಈ ಕೋಣೆಯಲ್ಲಿ ಕೇಳುವುದು ಟಿಣ್ ಎಂಬ ಬಡಕಲು ಸದ್ದು. ಅಸಲಿ ನಾದ ಹೊರಡುವುದು ಗೋಡೆಯಾಚೆ, ಪಕ್ಕದ ಕೋಣೆಯಲ್ಲಿ. ಅಲ್ಲಿ ಯಾರೂ ಇಲ್ಲ.

"ಇಷ್ಟು ಬೇಗ ಯಾಕೆ?" ಎಂದು ಆಕಳಿಸುತ್ತಲೇ ಕೇಳುತ್ತೇನೆ.

"ಆರೂವರೆಗೆ ಎದುರು ಮನೆ ನೀರಿನ ಮೋಟಾರ್ ಶುರುವಾಗುತ್ತಮ್ಮಾ. ಆಮೇಲೆ ಸಾಲಾಗಿ ಮಿಕ್ಸಿಗಳು. ಅದೆಲ್ಲಾ ಕರೆಂಟ್ ವೈರಲ್ಲೇ ಬಂದು ನನ್ನ ಸ್ಪೀಕರಲ್ಲಿ ಕೂತ್ಕೊಂಡು ಗುಂಯ್ ಅನ್ನುತ್ತೆ. ದಿನಕ್ಕೆ ನನಗೆ ಸಿಗೋದು ಇದೊಂದೇ ಗಂಟೆ."

ಇವರು ವಿದ್ಯುತ್ ಸಿತಾರ್ ಮಾಡುತ್ತಾರೆ, ಅದೂ ಕೈಯಲ್ಲೇ. ಮಾಮೂಲಿ ಸಿತಾರಿಗೆ ಇರುವ ಸೋರೆ ಬುರುಡೆ ಇದಕ್ಕಿಲ್ಲ. ಒಡಲು ಗಟ್ಟಿ ಮರ, ಅದರಲ್ಲಿ ಹುದುಗಿಸಿದ ಆಯಸ್ಕಾಂತ, ಆಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸುರುಳಿ. ಮೀಟಿದ ಸದ್ದನ್ನು ಹಿಡಿದು ಸ್ಪೀಕರಿಗೆ ಸಾಗಿಸುವುದು ಈ ಸುರುಳಿಯ ಕೆಲಸ. ಬೀದಿಯವರಿಗೆ ಇಷ್ಟೆಲ್ಲ ವಿವರ ಯಾಕೆ ಬೇಕು? ಅವರ ಲೆಕ್ಕದಲ್ಲಿ ಇವರು ಕರೆಂಟಣ್ಣ. ಕೆಟ್ಟ ಇಸ್ತ್ರಿಪೆಟ್ಟಿಗೆ, ತಿರುಗದ ಫ್ಯಾನು, ಹೊಗೆಯಾಡಿದ ಮಿಕ್ಸಿ ಎಲ್ಲವೂ ಇವರ ಜಗಲಿಗೇ ಬರುತ್ತವೆ. ಇಲ್ಲವೆನ್ನಲು ಬಾಯಿ ಬಾರದೆ ಎಲ್ಲವನ್ನೂ ಸರಿ ಮಾಡಿಕೊಡುತ್ತಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ನಾನು ಮೊದಲ ದಿನ ಬಂದು ವಿಳಾಸ ಕೇಳಿದಾಗ ಅಂಗಡಿಯಾತ, "ಸಿತಾರಾ? ಅದೆಲ್ಲಾ ಗೊತ್ತಿಲ್ಲ. ನಿಮ್ಮದು ಏನು ಕೆಟ್ಟಿದೆ ಹೇಳಿ" ಎಂದಿದ್ದ.

ಒಂದು ಸಿತಾರಿಗೆ ನಾಲ್ಕು ತಿಂಗಳು ಹಿಡಿಯುತ್ತದೆ. ಮೇಲೆ ಏಳು ತಂತಿ, ಅವುಗಳಡಿ ತಾವಾಗಿಯೇ ಮಿಡಿಯುವ ಹದಿಮೂರು ತಂತಿ, ಇಪ್ಪತ್ತು ಬಿರಡೆ, ಸ್ವರಕ್ಕೊಂದರಂತೆ ದಾರದಿಂದ ಬಿಗಿದ ಇಪ್ಪತ್ತು ಹಿತ್ತಾಳೆ ಮೆಟ್ಟಿಲು. ತಾಮ್ರದ ಸುರುಳಿಗೆ ಏಳು ಸಾವಿರ ಸುತ್ತು. ಸುತ್ತು ಎಣಿಸಲು ಹಳೆಯ ಟೇಪ್ ರೆಕಾರ್ಡರಿನ ಅಂಕಿಚಕ್ರ ಕಿತ್ತು ಜೋಡಿಸಿಕೊಂಡಿದ್ದಾರೆ. ಅದು ಒಂಬೈನೂರ ತೊಂಬತ್ತೊಂಬತ್ತು ದಾಟಿದರೆ ಮತ್ತೆ ಸೊನ್ನೆಗೆ ಬರುತ್ತದೆ. ಹಾಗಾಗಿ ಸಾವಿರಕ್ಕೊಂದರಂತೆ ಅಂಗಿ ಗುಂಡಿಯನ್ನು ಪಕ್ಕಕ್ಕಿಡುತ್ತಾರೆ. ಏಳು ಗುಂಡಿ ಸಾಲುಗಟ್ಟಿದರೆ ಸುರುಳಿ ಮುಗಿಯಿತು. ಗುಂಡಿಗಳ ಡಬ್ಬಿ ಹೆಂಡತಿಯದು. ಶಾಲಾ ಸಮವಸ್ತ್ರ ಹೊಲಿಯುತ್ತಿದ್ದ ಆಕೆ ತೀರಿಕೊಂಡು ಎರಡು ವರ್ಷವಾಗಿದೆ.

"ಮರ, ಸುರುಳಿ, ತಂತಿ ಎಲ್ಲಾ ಕೈ ಕೆಲಸ. ಕೈಗೆ ಅಭ್ಯಾಸ ಆಗಿದೆ, ಮಾಡ್ಕೊಂಡು ಹೋಗುತ್ತೆ. ನನ್ನ ಜೀವ ತೆಗೀತಾ ಇರೋದು ಈ ಕುದುರೆ" ಎಂದು ಕರೆಂಟಣ್ಣ ಮೂಳೆಯ ತುಂಡನ್ನು ಮತ್ತೆ ಹೊರಗೆಳೆದು ದೀಪಕ್ಕೆ ಹಿಡಿಯುತ್ತಾರೆ.

ತಂತಿಗಳು ಏರಿ ಕೂರುವ ಆ ತುಂಡಿಗೆ ಕಸುಬಿನವರು ಕುದುರೆ ಎನ್ನುತ್ತಾರೆ. ಅದರ ಬೆನ್ನು ಕಣ್ಣಿಗೆ ಕಾಣದಷ್ಟು ಇಳಿಜಾರಾಗಿರಬೇಕು. ಮೀಟಿದ ತಂತಿ ಆ ಇಳಿಜಾರನ್ನು ಸವರಿಕೊಂಡು ನಡುಗಿದರೆ ಸಿತಾರಿನ ಝೇಂಕಾರ ಹುಟ್ಟುತ್ತದೆ. ಕಡಿಮೆ ಉಜ್ಜಿದರೆ ಸಿತಾರ್ ಬಾಯಿಯೇ ಬಿಡುವುದಿಲ್ಲ. ಎರಡು ಎಳೆತ ಹೆಚ್ಚಾದರೆ ಚರಪರ ಎಂದು ಒಡೆದ ಸದ್ದು, ಆ ಮೂಳೆಯನ್ನು ಎಸೆಯುವುದೇ ಸೈ. ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ಅಳತೆಗೋಲಿಲ್ಲ, ಕಿವಿಯೊಂದೇ ಗತಿ. ಆದರೆ ಸ್ಪೀಕರನ್ನು ಸಿತಾರಿನ ಪಕ್ಕದಲ್ಲೇ ಇಟ್ಟರೆ ಅದರ ಸದ್ದನ್ನು ಇದೇ ಹಿಡಿದು ಕಿರುಚಾಡಲು ಶುರುಮಾಡುತ್ತದೆ. ಅದಕ್ಕೇ ಗೋಡೆಗೆ ತೂತು ಕೊರೆದು, ವೈರು ಹಾಯಿಸಿ, ಸ್ಪೀಕರನ್ನು ಪಕ್ಕದ ಕೋಣೆಯಲ್ಲಿಟ್ಟಿದ್ದಾರೆ. ಮಾಡುವವರು ಇಲ್ಲಿ, ನಾದ ಅಲ್ಲಿ.

"ಹೆಡ್‌ಫೋನ್ ಹಾಕ್ಕೊಂಡು ಕೇಳಬಹುದಲ್ಲ?"

"ಹಾಕ್ಕೊಂಡಿದ್ದೀನಿ. ಅದು ಕಿವಿಯೊಳಗೇ ಕೂತಿರುತ್ತೆ. ಕೋಣೆ ತುಂಬಿದಾಗ ಹೇಗಿರುತ್ತೆ ಅಂತ ಗೊತ್ತಾಗಲ್ಲ. ರೆಕಾರ್ಡ್ ಮಾಡಿ ಆ ಕೋಣೆಗೆ ಹೋಗಿ ಕೇಳಿದ್ದೂ ಆಯ್ತು. ನಾನು ಮಾಡಿದ್ದನ್ನ ನಾನೇ ಕೇಳೋಕೆ ಕೂತ್ರೆ ತಪ್ಪು ಕಾಣ್ತಾನೇ ಇರುತ್ತೆ. ಇನ್ನೊಂದು ಎಳೆತ, ಇನ್ನೊಂದೇ ಒಂದು ಅಂತ ಕೈ ನಿಲ್ಲಲ್ಲ."

ಗೋಡೆಯಲ್ಲಿ ಎರಡು ಸಿತಾರ್ ತೂಗುತ್ತಿವೆ, ತೊಂಬತ್ತೆರಡನೆಯದು ಮತ್ತು ತೊಂಬತ್ತಮೂರನೆಯದು. ಎರಡೂ ಹೆಂಡತಿ ಹೋದ ಮೇಲೆ ಮಾಡಿದವು, ಎರಡೂ ಮರಳಿ ಬಂದವು. ಮೊದಲನೆಯದಕ್ಕೆ ಎದುರು ಮನೆಯಾಕೆಯನ್ನು ಕರೆದು ಪಕ್ಕದ ಕೋಣೆಯಲ್ಲಿ ಕೂರಿಸಿದ್ದರಂತೆ, ಕೇಳಿ ಹೇಳಮ್ಮಾ ಎಂದು. ಆಕೆ ಪಾಪ, ಮರ್ಯಾದಸ್ಥೆ. ಮೊದಲ ಮೀಟಿಗೇ "ತುಂಬಾ ಚೆನ್ನಾಗಿದೆ ಅಣ್ಣಾ" ಎಂದರು. ಎರಡನೆಯ ಮೀಟಿಗೂ ಅದೇ ಮಾತು. ಇಸ್ತ್ರಿಪೆಟ್ಟಿಗೆ ಪುಕ್ಕಟೆ ಸರಿ ಮಾಡಿಕೊಟ್ಟವರಿಗೆ ಇನ್ನೇನು ತಾನೇ ಹೇಳಿಯಾರು! ಇವರು ಬೇಗ ನಿಲ್ಲಿಸಿಬಿಟ್ಟರು, ಸಿತಾರ್ ಬಾಯಿ ಬಿಡಲಿಲ್ಲ. ಮುಂದಿನದನ್ನು ಒಬ್ಬರೇ ಕೂತು ಮಾಡಿದರು, ಉಜ್ಜಿ ಉಜ್ಜಿ ಕೆಡಿಸಿದರು.

ಈಗ ತೊಡೆಯ ಮೇಲಿರುವುದು ತೊಂಬತ್ತನಾಲ್ಕನೆಯದು. ಇವರ ಮೊಟ್ಟಮೊದಲ ಸಿತಾರನ್ನು ಕೊಂಡಿದ್ದ ವಾದಕರೇ ಮಾಡಿಸುತ್ತಿರುವುದು. ಮರಳಿ ಬಂದ ಎರಡರ ಸುದ್ದಿ ತಿಳಿದೂ ಬಂದು, ಮಾಡಿಕೊಡಿ ಎಂದು ಹೇಳಿಹೋಗಿದ್ದಾರೆ. ಇದಕ್ಕಾಗಿ ಮೂರು ಕುದುರೆ ಆಗಲೇ ಹಾಳಾಗಿವೆ. ಹದವಾಗಿ ಒಣಗಿದ ಮೂಳೆಯಲ್ಲಿ ಉಳಿದಿರುವುದು ಕೈಯಲ್ಲಿರುವ ಇದೊಂದೇ ತುಂಡು.

"ಇದೂ ಕೆಟ್ರೆ ಅವರಿಗೆ ಫೋನ್ ಮಾಡಿ ಬೇರೆ ಕಡೆ ನೋಡ್ಕೊಳ್ಳಿ ಅಂತೀನಿ. ಆಮೇಲೆ ಮಿಕ್ಸಿ ರಿಪೇರಿ. ಹೇಗೂ ಬೋರ್ಡ್ ಬರೆಸೋ ಖರ್ಚಿಲ್ಲ, ಬೀದಿಯವರೇ ಹೆಸರಿಟ್ಟಿದ್ದಾರಲ್ಲ." ನಗುತ್ತಾರೆ. ನನಗೆ ನಗು ಬರಲಿಲ್ಲ.

"ನಾನು ಕೂತು ಕೇಳಿ ಹೇಳಲಾ?" ಎಂದೆ. ಸಂಗೀತದಲ್ಲಿ ನನಗೆ ಓನಾಮವೂ ಬಾರದು, ಆದರೂ ಅವರ ಮುಖ ನೋಡಿ ಬಾಯಿ ತಡೆಯಲಿಲ್ಲ.

"ಬೇಡಮ್ಮಾ. ಕೇಳೋಕೆ ಅಂತ ಕೂತವರಿಗೆ ಕೇಳಲ್ಲ." ನನ್ನ ಚೀಲದ ಕಡೆ ನೋಡಿದರು. "ನಿನ್ನೆ ಅದೇನೋ ಟಕಟಕ ಹೊಡೀತಿದ್ರಲ್ಲ, ಆ ಕಂಪ್ಯೂಟರ್ ತಂದಿದ್ದೀರಾ? ಆ ಕೋಣೇಲಿ ಮೇಜಿದೆ. ಕೂತು ನಿಮ್ಮ ಪಾಡಿಗೆ ನೀವು ಬರ್ಕೊಳ್ಳಿ. ಇಲ್ಲಿ ಧೂಳು."

ನನ್ನ ಬೆರಳು ಭಾರ. ಕೀಲಿಗಳನ್ನು ಕುಟ್ಟುತ್ತೇನೆಯೇ ಹೊರತು ಒತ್ತುವುದಿಲ್ಲ, ಕಚೇರಿಯಲ್ಲಿ ಅಕ್ಕಪಕ್ಕದವರು ಬೈಯುತ್ತಾರೆ. ಇಂಥವಳನ್ನು ಕೆಲಸದ ಹೊತ್ತಿನಲ್ಲಿ ಯಾರಾದರೂ ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುತ್ತಾರೆಯೇ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಪಕ್ಕದ ಕೋಣೆ ಚಿಕ್ಕದು. ಕಿಟಕಿಗೆ ಮುಖ ಮಾಡಿ ಹೊಲಿಗೆ ಮಿಷನ್ನು, ಅದರ ಸೂಜಿಯಡಿ ನೀಲಿ ಬಟ್ಟೆಯ ತುಂಡೊಂದು ಹಾಗೇ ಇದೆ. ಮೇಜಿನ ಮೇಲೆ ಕತ್ತರಿ, ಸೀಮೆಸುಣ್ಣ, ಅಳತೆಪಟ್ಟಿ. ಎರಡು ವರ್ಷದಿಂದ ಧೂಳು ಒರೆಸುತ್ತಾ ಒಂದನ್ನೂ ಕದಲಿಸಿಲ್ಲ. ಮೂಲೆಯಲ್ಲಿ ಸ್ಪೀಕರು. ನಾನು ಕತ್ತರಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಜಾಗ ಮಾಡಿಕೊಂಡು, ಬರೆಯತೊಡಗಿದೆ.

ಗೋಡೆಯಾಚೆ ಅರ ಎರಡು ಸಲ ಕರಕರ ಎನ್ನುತ್ತದೆ. ತಂತಿ ಬಿಗಿಯುವ ಕಿರಿಕಿರಿ. ನಂತರ ಸ್ಪೀಕರಿನಿಂದ ಒಂದು ಮೀಟು. ನನಗೆ ಎಲ್ಲ ಒಂದೇ ಥರ ಕೇಳುತ್ತದೆ. ಮತ್ತೆ ಅರ, ಮತ್ತೆ ತಂತಿ, ಮತ್ತೆ ಮೀಟು. ಅರ್ಧ ಗಂಟೆಯಲ್ಲಿ ತಲೆ ಚಿಟ್ಟು ಹಿಡಿಯಿತು. ಈ ಮನೆಯಲ್ಲಿ ಆ ಹೆಂಗಸು ಹೇಗೆ ಬಾಳಿದಳಪ್ಪಾ ಎಂದುಕೊಳ್ಳುತ್ತ, ಗುಂಡಿಗಳ ಡಬ್ಬಿಯ ಬಗ್ಗೆ ಒಂದು ವಾಕ್ಯ ಶುರು ಮಾಡಿದೆ.

ನೆರಳು ಬಿದ್ದಂತಾಗಿ ತಲೆಯೆತ್ತಿದರೆ ಬಾಗಿಲಲ್ಲಿ ಕರೆಂಟಣ್ಣ. ಕೈಯಲ್ಲಿ ಅರವಿಲ್ಲ.

"ಏನಾಯ್ತಮ್ಮಾ?"

"ಏನಿಲ್ಲ, ಸುಮ್ನೆ" ಎಂದೆ.

ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು. ಆಗ ಪರದೆ ನೋಡಿಕೊಂಡೆ. "ಸಾವಿರಕ್ಕೊಂದು ಗುಂ" ಎನ್ನುವಲ್ಲಿಗೆ ನಿಂತಿತ್ತು. ಮುಂದಿನ ಅಕ್ಷರ ಹೊಡೆದಿರಲಿಲ್ಲ. ಬೆರಳು ಕೀಲಿಯ ಮೇಲೇ ಇತ್ತು. ಕುಡಿಯಲೆಂದು ಇಟ್ಟುಕೊಂಡಿದ್ದ ಚಹಾ ಕೆನೆಗಟ್ಟಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ನನಗೆ ತಿಳಿಯದು. ಸ್ಪೀಕರಿನಲ್ಲಿ ಆ ಕೊನೆಯ ಮೀಟಿನ ಝೇಂಕಾರ ಇನ್ನೂ ಎಳೆಯಾಗಿ ಉಳಿದಂತೆ ಇತ್ತು. ಅಥವಾ ನನ್ನ ಕಿವಿಯಲ್ಲಿತ್ತೋ ಏನೋ.

"ಅವಳೂ ಇದನ್ನೇ ಹೇಳ್ತಿದ್ದಳು" ಎಂದರು ಕರೆಂಟಣ್ಣ. "ಏನಿಲ್ಲ, ಸುಮ್ನೆ ಅಂತ."

ಆಮೇಲೆ ಅವರೇ ಹೇಳಿದರು. ಮದುವೆಯಾದ ಹೊಸತು. ಇವರು ಈಚೆ ತಮ್ಮ ಮೊದಲ ಸಿತಾರಿನ ಕುದುರೆ ಉಜ್ಜುವುದು, ಆಕೆ ಆಚೆ ಹೊಲಿಯುವುದು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮಿಷನ್ನಿನ ಸದ್ದು ನಿಂತಿತು. ದಾರ ತುಂಡಾಯಿತೇನೋ ಎಂದು ಎದ್ದು ಹೋಗಿ ನೋಡಿದರೆ ಆಕೆ ಮೆಟ್ಟುಹಲಗೆಯ ಮೇಲೆ ಕಾಲಿಟ್ಟು, ಬಟ್ಟೆ ಹಿಡಿದು, ಕಿಟಕಿಯಾಚೆ ನೋಡುತ್ತ ಕೂತಿದ್ದರು. ಏನು ಎಂದರೆ ಏನಿಲ್ಲ ಎಂದರು. ಆ ಕುದುರೆಯನ್ನು ಇವರು ಮತ್ತೆ ಮುಟ್ಟಲಿಲ್ಲ. ಆ ಸಿತಾರ್ ಹೋದ ಕಡೆಯಲ್ಲೆಲ್ಲ ಹೆಸರು ಮಾಡಿತು. ಮುಂದಿನ ಸಿತಾರಿಗೂ ಹಾಗೇ ಆಯಿತು. ಅದರ ಮುಂದಿನದಕ್ಕೂ.

"ಅಲ್ಲಿಂದ ಮಿಷನ್ ನಿಂತ್ರೆ ಅರ ಕೆಳಗಿಡೋದು. ಮೂವತ್ತೊಂದು ವರ್ಷ ಅಷ್ಟೇ ನನ್ನ ವಿದ್ಯೆ."

"ಅವರಿಗೆ ಇದು ಗೊತ್ತಿತ್ತಾ?"

"ಇಲ್ಲ. ಹೇಳಿದ್ರೆ ಕೇಳೋಕೆ ಅಂತ ಕೂತ್ಕೋತಿದ್ದಳು. ಆಮೇಲೆ ಎಲ್ಲಿಂದ ಕೇಳುತ್ತೆ? ಅದಕ್ಕೇ ಹೇಳ್ಲಿಲ್ಲ." ನೀಲಿ ಬಟ್ಟೆಯ ಕಡೆಗೆ ನೋಡಿದರು. "ಮನೆಗೆ ಬಂದ ವಾದಕರೆಲ್ಲಾ ನನ್ನ ಕಿವೀನ ಹೊಗಳೋರು. ಇವಳು ಚಹಾ ಕೊಟ್ಟು, ನನಗೂ ಸಂಗೀತಕ್ಕೂ ಆಗಿಬರಲ್ಲಪ್ಪಾ ಅಂತ ನಗ್ತಾ ಒಳಗೆ ಹೋಗೋಳು. ನಾನು ಸುಮ್ನೆ ಕೂತಿರ್ತಿದ್ದೆ. ಆಸ್ಪತ್ರೇಲಿ ಕೊನೇ ವಾರ ಹೇಳೋಣ ಅಂತ ಬಾಯಿಗೆ ಬಂತಮ್ಮಾ. ಹುಷಾರಾಗಿ ಬಂದ್ಬಿಟ್ರೆ ಅಂತ ನುಂಗ್ಕೊಂಡೆ. ಬಂದ್ರೆ ಮತ್ತೆ ಬೇಕಾಗುತ್ತಲ್ಲಾ ಅಂತ. ನೋಡಿ ನನ್ನ ಬುದ್ಧೀನ. ತೊಂಬತ್ತೊಂದು ಸಿತಾರ್ ಮುಗಿಸಿದ್ದು ಅವಳು, ತನಗೆ ಕಿವಿಯೇ ಇಲ್ಲ ಅಂದ್ಕೊಂಡು ಹೋದಳು."

ಎದುರು ಮನೆಯ ಮೋಟಾರು ಶುರುವಾಗಿ ಸ್ಪೀಕರು ಗುಂಯ್ ಎನ್ನತೊಡಗಿತು. ಅವರು ಎದ್ದು ಅದನ್ನು ಆರಿಸಿದರು. ಹೋಗುವಾಗ ಕತ್ತರಿಯನ್ನು ಅದು ಮೊದಲಿದ್ದ ಜಾಗಕ್ಕೇ ಸರಿಸಿಟ್ಟರು.

ಮೂರು ದಿನ ಬಿಟ್ಟು ವಾದಕರು ಬಂದಾಗ ನಾನೂ ಹೋಗಿದ್ದೆ. ಐವತ್ತು ದಾಟಿದ, ಹೆಚ್ಚು ಮಾತಿಲ್ಲದ ಮನುಷ್ಯ. ಸಿತಾರನ್ನು ಶ್ರುತಿ ಮಾಡಿಕೊಂಡು ಹತ್ತು ನಿಮಿಷ ನುಡಿಸಿದರು. ಸ್ಪೀಕರು ಇರುವ ಕೋಣೆಯ ಬಾಗಿಲು ತೆರೆದಿಟ್ಟಿತ್ತು. ನುಡಿಸುವುದು ನಿಲ್ಲಿಸಿ ಕರೆಂಟಣ್ಣನ ಕಡೆ ತಿರುಗಿ, "ನಿಮ್ಮ ಕಿವಿ ಮತ್ತೆ ಬಂತು ಬಿಡಿ" ಎಂದರು. ಕರೆಂಟಣ್ಣ ತಲೆಯಾಡಿಸಲಿಲ್ಲ. ಈ ಸಲ ಸುಮ್ಮನೆಯೂ ಕೂರಲಿಲ್ಲ.

"ನನ್ನದಲ್ಲ ಸ್ವಾಮಿ" ಎಂದರು. "ನಿಮ್ಮ ಮೊದಲನೇದೂ ನನ್ನದಲ್ಲ. ನಮ್ಮನೆಯವಳದ್ದು."

ವಾದಕರು ತೀರಿಕೊಂಡವರ ನೆನಪಿಗೆ ಆಡಿದ ಮಾತೆಂದುಕೊಂಡರೇನೋ, ಎದೆಯ ಮೇಲೆ ಕೈಯಿಟ್ಟು ಹೊರಟರು. ಇವರು ಬೆನ್ನಟ್ಟಿ ಬಿಡಿಸಿ ಹೇಳಲಿಲ್ಲ.

ತೊಂಬತ್ತೈದನೆಯದಕ್ಕೆ ಮರ ಆಗಲೇ ಬಂದಿದೆ. ಮೂಳೆ ಬೇರೆಡೆಯಿಂದ ತರಿಸಿದ್ದಾರೆ. ಕುದುರೆ ಉಜ್ಜುವ ಹೊತ್ತಿಗೆ ಹೇಳಿ ಕಳುಹಿಸಿ, ಕಂಪ್ಯೂಟರ್ ಹಿಡಿದು ಬರುತ್ತೇನೆ ಎಂದೆ. ಮನಸ್ಸಿನಿಂದಲೇ ಅಂದೆ. ಹೇಳಿದ ಮೇಲೆ ತುಸು ಹೆಮ್ಮೆಯೂ ಆಯಿತು.

ಕರೆಂಟಣ್ಣ ನಕ್ಕುಬಿಟ್ಟರು. "ಇನ್ನು ನೀವು ಬಂದು ಪ್ರಯೋಜನ ಇಲ್ಲಮ್ಮಾ. ನಿಮಗೆ ಗೊತ್ತಾಗಿಬಿಟ್ಟಿದೆ."

"ಹಾಗಾದರೆ ಪೇಪರಿನಲ್ಲೂ ಬರೆಯೋದು ಬೇಡವಾ?"

ಜಗಲಿಯಲ್ಲಿ ಯಾರೋ ಆಗಲೇ ಒಂದು ಕೆಟ್ಟ ಫ್ಯಾನು ಇಟ್ಟುಹೋಗಿದ್ದರು. ಅವರು ಅದರ ರೆಕ್ಕೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದರು.

"ಬರೀರಿ. ಅವಳ ವಿಷಯ ನಾಲ್ಕು ಜನಕ್ಕೆ ಗೊತ್ತಾಗ್ಲಿ. ಆದ್ರೆ ಒಂದು ಸಹಾಯ ಮಾಡಿ. ಪೇಪರ್ ಓದೋ ಅಭ್ಯಾಸ ಇಲ್ಲದವರು ಯಾರಾದ್ರೂ ಇದ್ರೆ ಕಳಿಸಿ. ಕೈಯಲ್ಲಿ ಏನಾದ್ರೂ ಸದ್ದು ಬರೋ ಕೆಲಸ ಇರ್ಬೇಕು ಅಷ್ಟೇ. ಸಂಗೀತ ಅಂದ್ರೆ ಆಗದವರಾದ್ರೆ ಇನ್ನೂ ಒಳ್ಳೇದು. ಬೆಳಿಗ್ಗೆ ಒಂದು ಗಂಟೆ ಆ ಕೋಣೇಲಿ ಕೂತು ಅವರ ಪಾಡಿಗೆ ಅವರು ಕೆಲಸ ಮಾಡ್ಕೊಳ್ಳಲಿ." ಫ್ಯಾನಿನ ರೆಕ್ಕೆ ನಿಂತಿತು. "ಸಿತಾರ್ ಮುಗಿದ ದಿನ ನಾನೇ ಅವರಿಗೆ ಹೇಳ್ತೀನಿ. ಈ ಸಲ ತಡಮಾಡಲ್ಲ."