ಸಾಬೂನು ನೆಕ್ಕುವವರ ಮನೆ

ಮದುವೆಯಾಗಿ ಮಣ್ಣಗುಡ್ಡದ ಈ ಮನೆಗೆ ಬಂದ ಹೊಸತರಲ್ಲಿ ನನ್ನ ಮಾವ ಸಾಬೂನು ನೆಕ್ಕುವುದನ್ನು ಕಂಡು ನಾನು ಹೆದರಿದ್ದೆ. ನಮ್ಮದು ತೆಂಗಿನೆಣ್ಣೆಯ ಮೈಸಾಬೂನು ಮಾಡುವ ಕುಟುಂಬ. ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಕಾಯಿಸುತ್ತಾರೆ. ಕಾಸ್ಟಿಕ್ ಸ್ವಲ್ಪ ಉಳಿದುಕೊಂಡರೂ ಆ ಸಾಬೂನು ಮೈ ಸುಡುತ್ತದೆ. ಅದಕ್ಕೆ ಯಜಮಾನನೇ ಒಂದು ತುಂಡನ್ನು ನಾಲಿಗೆಗೆ ತಾಗಿಸಿ ನೋಡಬೇಕು. ಚುರ್ ಎಂದರೆ ಮಾಲು ಹೊರಗೆ ಹೋಗುವಂತಿಲ್ಲ.

ಮಾವ ತೀರಿಕೊಂಡ ಮೇಲೆ ಆ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಕಾಸ್ಟಿಕ್ ಉಳಿದಿದ್ದರೆ ಗುಲಾಬಿ ಬಣ್ಣಕ್ಕೆ ತಿರುಗುವ ಮದ್ದಿನ ಬಾಟಲಿಯೊಂದು ಕಾಟಿಪಳ್ಳದ ನಮ್ಮ ಶೆಡ್ಡಿನಲ್ಲಿ ಇದ್ದೇ ಇದೆ. "ಅದು ಇನ್‌ಸ್ಪೆಕ್ಟರಿಗೆ, ನಾಲಿಗೆ ನಮಗೆ" ಎನ್ನುತ್ತಿದ್ದರು ಇವರು.

ಈ ಸಲ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಇವರು ಹಬೆಯಾಡುವ ಚಹಾವನ್ನು ಊದದೆ ಕುಡಿಯುವುದನ್ನು ಗಮನಿಸಿದೆ. ನನ್ನ ಕಣ್ಣಲ್ಲಿ ನೀರು ಬರಿಸಿದ ಮೀನಿನ ಸಾರಿಗೆ, "ಮನೆಯಲ್ಲಿ ಮೆಣಸು ಮುಗಿದಿದೆಯಾ ಎಂತ?" ಎಂದು ಕೇಳಿದರು.

"ನಾಲಿಗೆ ತೋರಿಸಿ ನೋಡುವ" ಎಂದೆ.

"ನೀನು ಯಾವಾಗ ಡಾಕ್ಟರಾದದ್ದು ಮಾರಾಯ್ತಿ?" ಎಂದು ಬಾಯಿ ತೆರೆದು ನಕ್ಕರು. ನಾಲಿಗೆಯ ಬದಿಯಲ್ಲಿ ಒಂದು ಬಿಳಿ ಕಲೆ ಕಂಡಿತು, ಒಣಗಿದ ಅನ್ನದ ಅಗುಳು ಅಂಟಿದ ಹಾಗೆ. ನಕ್ಕದ್ದರಿಂದಲಾದರೂ ಕಂಡಿತಲ್ಲ, ಅದು ದೇವರ ಉಪಕಾರ.

ಆ ವಾರವೇ ಹೊಸ ಮಾಲಿನ ಚೂರುಗಳನ್ನು ಮನೆಗೆ ತಂದರು. ಬಾರ್ ಕತ್ತರಿಸಿ ಉಳಿದದ್ದು ನಮ್ಮ ಬಚ್ಚಲಿಗೆ ಬರುವುದು ರೂಢಿ. ಕೈ ತೊಳೆದೆ, ಬೆರಳ ಸಂದಿಯೆಲ್ಲ ಉರಿಯಿತು.

"ಇದನ್ನು ನೋಡಿದ್ದೀರಾ?"

"ಬೆಳಿಗ್ಗೆಯೇ ನೋಡಿದ್ದೇನೆ. ಫಸ್ಟ್ ಕ್ಲಾಸ್ ಉಂಟು." ನನ್ನೆದುರೇ ಆ ಚೂರನ್ನು ಮಿಠಾಯಿಯಂತೆ ನಾಲಿಗೆಗೆ ಒತ್ತಿಕೊಂಡರು. ಮುಖ ಒಂದಿಷ್ಟೂ ಅಲುಗಲಿಲ್ಲ. "ಎಂತ ಇಲ್ಲ."

ನಮ್ಮಲ್ಲಿ ಹೆಂಗಸರು ನೆಕ್ಕಿ ನೋಡುವ ಕ್ರಮವಿಲ್ಲ. ಆದರೂ ಕಸಿದುಕೊಂಡು ನಾಲಿಗೆಗೆ ತಾಗಿಸಿದೆ. ಕರೆಂಟು ಹೊಡೆದ ಹಾಗಾಯಿತು. ನಲ್ಲಿಯ ಕೆಳಗೆ ಬಾಗಿ ಉಗುಳುತ್ತಲೇ ಇದ್ದೆ.

"ನಿಜವಾಗಿ ಉರೀತದಾ?" ಇವರ ಸ್ವರ ಸಣ್ಣದಾಗಿತ್ತು.

"ಸುಳ್ಳು ಹೇಳ್ಲಿಕ್ಕೆ ನನಗೆಂತ ಹುಚ್ಚಾ?"

ಕೂಡಲೇ ಶೆಡ್ಡಿಗೆ ಫೋನ್ ಮಾಡಿದರು. ಮಾಲು ತುಂಬಿದ ಟೆಂಪೊ ಇನ್ನೂ ಗೇಟಿನಲ್ಲೇ ಇತ್ತು. ಡ್ರೈವರ್ ಚಹಾ ಕುಡಿಯಲು ಹೋಗಿದ್ದನಂತೆ. ಆ ಚಹಾಕ್ಕಾಗಿ ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಎಳೆಮಕ್ಕಳನ್ನು ಮೀಯಿಸಲು ನಮ್ಮ ಸಾಬೂನನ್ನೇ ಹುಡುಕಿಕೊಂಡು ಬರುವವರಿದ್ದಾರೆ.

"ಎಲ್ಲ ಇಳಿಸು. ಬಾಟಲಿಯ ಮದ್ದು ಹಾಕಿ ನೋಡು" ಎಂದರು ಇವರು.

ಸ್ವಲ್ಪ ಹೊತ್ತಿನಲ್ಲಿ ಸುಪರ್‌ವೈಸರನೇ ಫೋನ್ ಮಾಡಿದ. "ಪೊರ್ಬುಲೆ," ಯಜಮಾನರನ್ನು ಅವನು ಕರೆಯುವುದೇ ಹಾಗೆ, "ಇದು ಗುಲಾಬಿ ಆಯ್ತು. ಹಿಂದಿನ ಮಾಲು ಸರಿ ಉಂಟು."

ಮರುದಿನ ಅತ್ತಾವರದ ಆಸ್ಪತ್ರೆಗೆ ಹೋದೆವು. ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಸೂಜಿ ತಾಗಿಸುತ್ತಾ, "ಗೊತ್ತಾಗ್ತದಾ?" ಎಂದು ಕೇಳಿದರು. ಇವರು ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಡಾಕ್ಟರು ಇವರ ದವಡೆಯ ಕೆಳಗೆ ಬೆರಳಾಡಿಸಿ ಒಂದೇ ಜಾಗವನ್ನು ಮತ್ತೆ ಮತ್ತೆ ಒತ್ತಿದರು. ಎದ್ದು ಹೋಗಿ ದೊಡ್ಡ ಡಾಕ್ಟರನ್ನು ಕರೆತಂದರು. ಅವರೂ ಅದೇ ಜಾಗವನ್ನು ಒತ್ತಿದರು.

ಸಾಬೂನಿನ ಸಂಗತಿಯನ್ನು ನಾನೇ ಹೇಳಿದೆ. "ಸಾಬೂನು ನೆಕ್ಕುತ್ತೀರಾ? ಯಾವಾಗಿನಿಂದ?" ಎಂದರು ದೊಡ್ಡ ಡಾಕ್ಟರು.

"ನಮ್ಮದು ಅಪ್ಪನ ಕಾಲದಿಂದಲೂ ಹಾಗೆಯೇ" ಎಂದರು ಇವರು, ದೊಡ್ಡ ಬಿರುದು ಹೇಳಿಕೊಳ್ಳುವವರ ಹಾಗೆ.

ಡಾಕ್ಟರುಗಳಿಬ್ಬರೂ ನಗಲಿಲ್ಲ. ಕಲೆಯಿಂದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳುಹಿಸಿದರು. ಹೊಲಿಗೆ ಹಾಕಿ, ಸ್ವಲ್ಪ ದಿನ ಮಾತು ಬೇಡವೆಂದರು.

ಸಂಜೆ ತೇರ್ಸಿಗೆ ಕೂತೆವು. ಜಪಮಾಲೆಯ ಪ್ರಾರ್ಥನೆಯಲ್ಲಿ ಪ್ರತಿ ಮಣಿಯ ಮೊದಲರ್ಧ ಇವರದು, ಉಳಿದರ್ಧ ನನ್ನದು. ಅಂದು ಎರಡೂ ಅರ್ಧ ನಾನೇ ಹೇಳಿದೆ. ಇವರ ತುಟಿ ಮಾತ್ರ ಅಲುಗುತ್ತಿತ್ತು. ಅದೂ ನಿಂತಿಲ್ಲವಲ್ಲ ಎಂದು ದೇವರಿಗೆ ವಂದಿಸಿದೆ.

ಆಮೇಲೆ ತಣ್ಣಗಿನ ಗಂಜಿ ಕೊಟ್ಟೆ. ಒಂದೊಂದೇ ಚಮಚ ಬಾಯಿಯ ಒಂದು ಬದಿಗೆ ಹಾಕಿಕೊಂಡು ಕತ್ತು ವಾಲಿಸಿ ನುಂಗುತ್ತಿದ್ದರು. ಮಾವನೂ ಕೊನೆಯ ವರ್ಷ ಹೀಗೆಯೇ ಕತ್ತು ವಾಲಿಸಿ ಗಂಜಿ ಕುಡಿಯುತ್ತಿದ್ದರು. ಪ್ರಾಯವಾಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಇವರು ಚಮಚ ಕೆಳಗಿಟ್ಟು ನನ್ನ ಮುಖ ನೋಡಿದರು. ಇವರಿಗೂ ಅದೇ ನೆನಪಾಗಿತ್ತು.

ರಿಪೋರ್ಟ್ ಇನ್ನೂ ಬಂದಿಲ್ಲ.